ಮಂಡಲಕ್ಕೆ ಹೆಡೆಯಿಲ್ಲ, ನಿಮ್ಮ ಕೈಯಲ್ಲಿ ಟಾರ್ಚ್ ಇರಲಿ

ಬೆಳಗಿನ ಐದೂವರೆ. ಇನ್ನೂ ನಸುಗತ್ತಲು. ಬಸವನಗುಡಿಯ ನಮ್ಮ ಬೀದಿಯ ಪಾರಿಜಾತದ ಮರದ ಕೆಳಗೆ ದಿನವೂ ಒಬ್ಬರಲ್ಲ ಒಬ್ಬರು ಬಗ್ಗಿರುತ್ತಾರೆ. ಎಡಗೈಯಲ್ಲಿ ಹೂಬುಟ್ಟಿ, ಬಲಗೈ ಗಿಡದ ಬುಡದ ತರಗೆಲೆಯೊಳಗೆ. ಕಾಲಿಗೆ ಹವಾಯಿ ಚಪ್ಪಲಿ, ಕಿವಿಯಲ್ಲಿ ಇಯರ್‌ಫೋನು. "ಟಾರ್ಚ್ ಎಲ್ಲಮ್ಮಾ?" ಎಂದು ಕೇಳಿದರೆ, "ಇದೇನು ಕಾಡೇ ದೊಡ್ಡಮ್ಮ, ಬಸವನಗುಡಿ ಅಲ್ವೇ" ಅನ್ನುತ್ತಾರೆ. ನೋಡಿ, ಇವತ್ತು ಆ ಬಲಗೈಯ ವಿಷಯ ಮಾತಾಡೋಣ. ಕಣ್ಣಿಗೆ ಕಾಣದ ಕಡೆ ಕೈ ಹಾಕಬೇಡಿ, ಕಣ್ಣಿಗೆ ಕಾಣದ ಕಡೆ ಕಾಲಿಡಬೇಡಿ. ನಾನು ಹೇಳಬೇಕಾದದ್ದು ಇಷ್ಟೇ. ಆದರೆ ಇಷ್ಟಕ್ಕೇ ನಿಲ್ಲಿಸಿದರೆ ತಲೆಯಾಡಿಸಿ ಮರೆತುಬಿಡುತ್ತೀರಿ. ಅದಕ್ಕೇ ಸ್ವಲ್ಪ ಕೂತು ಕೇಳಿ.

ನಿಮ್ಮ ಮಾತು ಅರ್ಧ ಸರಿ. ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಯ ಹಳೆಯ ಮನೆಗಳ ಹಿತ್ತಿಲಲ್ಲಿ ಕಾಣಿಸುವುದು ಹೆಚ್ಚಾಗಿ ಕೇರೆ ಹಾವು, ತೋಳ ಹಾವು. ಯಾವಾಗಲೋ ಒಮ್ಮೆ ನಾಗರ. ಮಂಡಲದ ಹಾವು ಇಲ್ಲಿ ಅಪರೂಪ. ಆದರೆ ನೀವು ಇಲ್ಲೇ ಕೂತಿರುತ್ತೀರಾ? ಶನಿವಾರ ಬಂದರೆ ಸಕಲೇಶಪುರದ ಹೋಂಸ್ಟೇ. ಭಾನುವಾರ ಕನಕಪುರ ರಸ್ತೆಯ ಆಚೆ ಕೊಂಡ ಸೈಟು ನೋಡಲು ಹೋಗುವುದು. ರಜೆ ಸಿಕ್ಕರೆ ಆಗುಂಬೆ, ಹಂಪಿ. ವರ್ಷಕ್ಕೊಮ್ಮೆ ಮಗಳ ಬಾಣಂತನಕ್ಕೋ ಮಗನ ಗೃಹಪ್ರವೇಶಕ್ಕೋ ಅಮೆರಿಕ. ಈ ಒಂದೊಂದು ಜಾಗದಲ್ಲೂ ಒಂದೊಂದು ಬಗೆಯ ಮಂಡಲವಿದೆ. ಊರು ಬಿಟ್ಟು ಹೊರಟವರು ಆ ಊರಿನ ಹಾವನ್ನೂ ತಿಳಿದು ಹೊರಡಬೇಕು.

ನಾಗರ ಗೊತ್ತು, ಮಂಡಲ ಗೊತ್ತಿಲ್ಲ

ಮಕ್ಕಳಿಗೆ ಒಂದು ಹಾಳೆ ಕೊಟ್ಟು ಹಾವು ಬರೆಯಲು ಹೇಳಿ. ಎಲ್ಲರೂ ಹೆಡೆಯನ್ನೇ ಬರೆಯುತ್ತಾರೆ. ಅದು ಅವರ ತಪ್ಪಲ್ಲ. ಕಾಡು ಮಲ್ಲೇಶ್ವರದ ಅರಳಿಕಟ್ಟೆಯ ನಾಗರಕಲ್ಲಿಗೆ ಹೆಡೆ, ಸಜ್ಜನ್ ರಾವ್ ವೃತ್ತದ ಸುಬ್ರಹ್ಮಣ್ಯನ ನೆತ್ತಿಯ ಮೇಲೆ ಹೆಡೆ, ಪಂಚಮಿಯ ದಿನ ಹೊಸಿಲಿಗೆ ಬರೆಯುವ ರಂಗೋಲಿಯಲ್ಲೂ ಹೆಡೆ. ನಾಗರಕ್ಕೆ ಹಬ್ಬವಿದೆ, ಹರಕೆಯಿದೆ, ಗುಡಿಯಿದೆ. ಮಂಡಲಕ್ಕೆ ಹೆಡೆಯೂ ಇಲ್ಲ, ಹಬ್ಬವೂ ಇಲ್ಲ. ಹಾಗಾಗಿ ಅದರ ಮುಖ ನಮಗೆ ಪರಿಚಯವೇ ಆಗಲಿಲ್ಲ. ಪರಿಚಯವಿಲ್ಲದ್ದನ್ನೇ ನಾವು ತುಳಿಯುವುದು.

2000ದಿಂದ 2019ರವರೆಗಿನ ಲೆಕ್ಕ ನೋಡಿದರೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಚ್ಚಿ ಸತ್ತಿದ್ದಾರೆ. ಬಹುಪಾಲು ಹಳ್ಳಿಯವರು, ಹೊಲದಲ್ಲಿ ದುಡಿಯುವವರು. ಅವರನ್ನು ಕಚ್ಚುವ ಮುಖ್ಯ ಹಾವುಗಳು ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ನಾಲ್ಕರಲ್ಲಿ ಎರಡು ಮಂಡಲಗಳೇ. ಈಗ ಹೇಳಿ, ಮುಖ ಗೊತ್ತು ಮಾಡಿಕೊಳ್ಳಬೇಕೋ ಬೇಡವೋ?

ಕೊಳಕುಮಂಡಲದ ಗುರುತು ಹೇಳುತ್ತೇನೆ, ಮನಸ್ಸಿನಲ್ಲಿ ಇಟ್ಟುಕೊಳ್ಳಿ. ದಪ್ಪ ಮೈ, ಮೋಟು ಬಾಲ. ಕತ್ತಿಗಿಂತ ಅಗಲವಾದ ಮೂರು ಮೂಲೆಯ ತಲೆ. ಕಂದು ಮೈಮೇಲೆ ಸರಪಳಿಯ ಕೊಂಡಿಗಳಂತೆ ಮೊಟ್ಟೆಯಾಕಾರದ ಮಚ್ಚೆಗಳು ಮೂರು ಸಾಲು, ಬೆನ್ನಿನ ಮೇಲೊಂದು, ಎರಡು ಪಕ್ಕಕ್ಕೆ ಎರಡು. ಪ್ರತಿ ಮಚ್ಚೆಗೂ ಕಪ್ಪು ಅಂಚು, ಅದರಾಚೆ ಬಿಳಿ ಗೆರೆ. ಹುರುಪೆ ಒರಟು, ಹೊಳಪಿಲ್ಲ. ಕರಾವಳಿಯವರು ಇದನ್ನು ಕನ್ನಡಿ ಹಾವು ಅನ್ನುತ್ತಾರೆ. ಇಂಗ್ಲಿಷಿನವರು ಇದಕ್ಕೆ ಇಟ್ಟಿರುವುದು ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯರ ಹೆಸರು. ಕೋರಮಂಡಲ ತೀರದ ಹಾವುಗಳ ಮೇಲೆ ಅವರು 1796ರಲ್ಲಿ ದೊಡ್ಡ ಚಿತ್ರಪುಸ್ತಕ ತಂದಿದ್ದರು.

ಹೆಸರಿಗಿಂತ ಮುಖ್ಯ ಅದರ ಸ್ವಭಾವ. ಕೇರೆ ನಿಮ್ಮನ್ನು ಕಂಡ ಕೂಡಲೇ ಓಡುತ್ತದೆ. ನಾಗರ ಹೆಡೆಯೆತ್ತಿ ಎಚ್ಚರಿಸುತ್ತದೆ. ಮಂಡಲ ಕೂತಲ್ಲೇ ಕೂತಿರುತ್ತದೆ. ತರಗೆಲೆಯ ಬಣ್ಣವೇ ಅದರ ಕೋಟೆ. ಓಡುವ ಅಗತ್ಯ ಅದಕ್ಕೆ ಕಾಣುವುದಿಲ್ಲ. ನೀವು ಹತ್ತಿರ ಹೋದರೆ ಸುರುಳಿ ಸುತ್ತಿ ಬುಸುಗುಡುತ್ತದೆ. ಕುಕ್ಕರ್ ಸೀಟಿ ಕೂಗುವ ಮುಂಚೆ ಒಂದೇ ಸಮನೆ ಆವಿ ಬಿಡುತ್ತದಲ್ಲ, ಹಾಗೆ. ಕಿವಿಗೆ ಇಯರ್‌ಫೋನು ತುರುಕಿಕೊಂಡವರಿಗೆ ಆ ಬುಸುಗುಡುವಿಕೆ ಎಲ್ಲಿ ಕೇಳಬೇಕು?

ಹೋದ ವರ್ಷ ಕಾರ್ತೀಕದಲ್ಲಿ ನನ್ನ ತಂಗಿಯ ಮಗ ಕನಕಪುರ ರಸ್ತೆಯ ಕಡೆಯ ತನ್ನ ಸೈಟಿಗೆ ನನ್ನನ್ನು ಕರೆದುಕೊಂಡು ಹೋಗಿದ್ದ. ಸಂಜೆ ಆರೂವರೆ. ಹಾಲೋ ಬ್ಲಾಕಿನ ರಾಶಿಯ ಪಕ್ಕದ ಒಣ ತೆಂಗಿನಗರಿಯ ಮೇಲೆ ಏನೋ ಸುತ್ತಿಕೊಂಡು ಮಲಗಿತ್ತು. "ದೊಡ್ಡಮ್ಮಾ, ಹೆಬ್ಬಾವಿನ ಮರಿ ನೋಡು" ಎಂದು ಮೊಬೈಲ್ ಹಿಡಿದು ಬಗ್ಗಿದ. ಮುಖಕ್ಕೂ ಅದಕ್ಕೂ ಎರಡು ಮೊಳವೂ ಇರಲಿಲ್ಲ. ಮೊಬೈಲಿನ ಬೆಳಕು ಬಿದ್ದಾಗ ಸರಪಳಿಯ ಮಚ್ಚೆಗಳು ಒಂದೊಂದಾಗಿ ಕಾಣಿಸಿದವು. ಸುರುಳಿ ನಿಧಾನವಾಗಿ ಉಬ್ಬಿತು, ಇಳಿಯಿತು, ಮತ್ತೆ ಉಬ್ಬಿತು. ಆಮೇಲೆ ಆ ಸದ್ದು. ರಾಯಚೂರು ಕಡೆಯ ವಾಚ್‌ಮನ್ ಎಲ್ಲಿದ್ದರೋ, ಓಡಿ ಬಂದು ಅವನ ಅಂಗಿ ಹಿಡಿದು ಎಳೆದರು. "ಹಿಂದ ಸರೀರಿ ಸರ, ಮಂಡಲದ ಹಾವು ಐತಿ." ನನ್ನ ಎದೆ ಹೊಡೆದುಕೊಂಡದ್ದು ಮನೆಗೆ ಬಂದರೂ ನಿಲ್ಲಲಿಲ್ಲ. ಬೆಂಗಳೂರಿನಲ್ಲಿ ಓದಿದ ಹುಡುಗನಿಗೆ ಗೊತ್ತಿಲ್ಲದ್ದು ಆ ವಾಚ್‌ಮನ್ನರಿಗೆ ಗೊತ್ತಿತ್ತು. ಅವತ್ತು ಅವರ ಕೈ ಹಿಡಿದು ನಮಸ್ಕಾರ ಮಾಡಿ ಬಂದೆ.

ಬೆಳ್ಳಗಿರುವುದೆಲ್ಲ ಹಾಲಲ್ಲ, ಮಚ್ಚೆ ಇರುವುದೆಲ್ಲ ಹೆಬ್ಬಾವಿನ ಮರಿಯಲ್ಲ. ಹೆಬ್ಬಾವಿನ ಮೈ ನುಣುಪಾಗಿ ಹೊಳೆಯುತ್ತದೆ, ಅದರ ಮಚ್ಚೆಗಳು ಅಡ್ಡಾದಿಡ್ಡಿ. ಮಣ್ಣುಮುಕ್ಕ ಹಾವನ್ನೂ ಮಂಡಲವನ್ನೂ ಅದಲುಬದಲು ಮಾಡಿಕೊಳ್ಳುವವರಿದ್ದಾರೆ. ಗುರುತು ಸಿಗದಿದ್ದರೆ ಮಂಡಲವೆಂದೇ ತಿಳಿದು ಹಿಂದೆ ಸರಿಯಿರಿ. ಹಿಂದೆ ಸರಿದವರಿಗೆ ನಷ್ಟವಾದದ್ದನ್ನು ನಾನು ಕಂಡಿಲ್ಲ. ಇನ್ನೊಂದು ಮಾತು: ಕೊಳಕುಮಂಡಲ ಮೊಟ್ಟೆಯಿಡುವುದಿಲ್ಲ, ಮರಿ ಹಾಕುತ್ತದೆ. ಒಂದೇ ಸಲಕ್ಕೆ ಇಪ್ಪತ್ತು, ನಲವತ್ತು. ಹುಟ್ಟಿದ ಕ್ಷಣದಿಂದಲೇ ಮರಿಗೆ ವಿಷವಿರುತ್ತದೆ. "ಮರಿ ತಾನೇ" ಎಂಬ ಸಲಿಗೆ ಬೇಡ.

ಬಯಲುಸೀಮೆಗೂ ಮಲೆನಾಡಿಗೂ ಹೊರಟವರಿಗೆ

ಬಯಲುಸೀಮೆಯ ಕಲ್ಲುನೆಲದಲ್ಲಿ ಇರುವುದು ಗರಗಸ ಮಂಡಲ. ಮೊಳದಷ್ಟೇ ಉದ್ದ, ಒಣಮಣ್ಣಿನ ಬಣ್ಣ. ಸಿಟ್ಟು ಬಂದರೆ ಮೈಯನ್ನು ಸುರುಳಿ ಸುತ್ತಿ ಹುರುಪೆಗೆ ಹುರುಪೆ ಉಜ್ಜುತ್ತದೆ. ಗರಗಸದಿಂದ ಮರ ಕೊಯ್ದಂಥ ಸದ್ದು ಬರುತ್ತದೆ. ಚಿಕ್ಕದೆಂದು ಅಸಡ್ಡೆ ಮಾಡಿ ಕೈಕಾಲು ಕಳೆದುಕೊಂಡವರು, ಜೀವ ಕಳೆದುಕೊಂಡವರು ಬಹಳ. ಹಂಪಿ, ಬಾದಾಮಿ ಕಡೆ ಹೋದಾಗ ಸೂರ್ಯಾಸ್ತ ನೋಡಿ ಕತ್ತಲಲ್ಲಿ ಬಂಡೆ ಇಳಿಯುತ್ತೀರಿ. ಬಂಡೆಯ ಸಂದಿಗೆ ಕೈಯೂರಿ ಇಳಿಯಬೇಡಿ. ಕಲ್ಲು ಮಗುಚಬೇಡಿ. ಬಯಲಲ್ಲಿ ಮಲಗುವ ಹುಚ್ಚು ಇದ್ದರೆ ಸೊಳ್ಳೆಪರದೆ ಕಟ್ಟಿ, ಅಂಚನ್ನು ಹಾಸಿಗೆಯ ಕೆಳಗೆ ಸಿಕ್ಕಿಸಿ ಮಲಗಿ.

ಮಲೆನಾಡಿನ ಮಂಡಲಗಳು ಬೇರೆ ವಂಶ. ಅವುಗಳ ಕಣ್ಣಿಗೂ ಮೂಗಿನ ಹೊಳ್ಳೆಗೂ ನಡುವೆ ಎರಡೂ ಕಡೆ ಒಂದೊಂದು ಗುಳಿ ಇರುತ್ತದೆ. ಅದಕ್ಕೇ ಗುಳಿಮಂಡಲ ಎಂಬ ಹೆಸರು. ದೋಸೆಕಾವಲಿ ಕಾದಿದೆಯೇ ಎಂದು ನೀವು ಅಂಗೈಯನ್ನು ಅದರ ಮೇಲೆ ಮುಟ್ಟದೆ ಹಿಡಿದು ನೋಡುತ್ತೀರಲ್ಲ, ಆ ಗುಳಿಯ ಕೆಲಸವೂ ಅದೇ. ಕಗ್ಗತ್ತಲಲ್ಲಿ ಇಲಿಯ ಮೈಕಾವು ಯಾವ ಕಡೆಯಿಂದ ಬರುತ್ತಿದೆ ಎಂಬುದು ಅದಕ್ಕೆ ಮುಟ್ಟದೆಯೇ ತಿಳಿಯುತ್ತದೆ. ದೇವರು ಕೊಟ್ಟ ಎರಡನೇ ಜೋಡಿ ಕಣ್ಣು ಅನ್ನಿ.

ಪಶ್ಚಿಮಘಟ್ಟದಲ್ಲಿ ಮಾತ್ರ ಸಿಗುವ ಮಲಬಾರ್ ಗುಳಿಮಂಡಲ ಹಸಿರೂ ಇರುತ್ತದೆ, ಹಳದಿಯೂ ಇರುತ್ತದೆ, ಕಂದೂ ಇರುತ್ತದೆ, ಕೆಂಪು ಛಾಯೆಯದೂ ಇರುತ್ತದೆ. ಒಂದೇ ಜಾತಿಗೆ ಇಷ್ಟು ಸೀರೆಗಳು! ಮಳೆಗಾಲದಲ್ಲಿ ಹಳ್ಳದ ಪಕ್ಕದ ಕೊಂಬೆಯ ಮೇಲೆ ದಿನಗಟ್ಟಲೆ ಅಲುಗದೆ ಕೂತಿರುತ್ತದೆ. ಬಿದಿರುಮೆಳೆಯಲ್ಲಿ ಹಸಿರು ಗುಳಿಮಂಡಲ. ತೋಟದ ತರಗೆಲೆಯಲ್ಲಿ ಮೂತಿ ಮೇಲಕ್ಕೆ ಎತ್ತಿಕೊಂಡಿರುವ ಇನ್ನೊಂದು ಚಿಕ್ಕ ಗುಳಿಮಂಡಲ; ಅದು ಮೈಮೇಲೆ ಬಿದ್ದ ಒಣ ಎಲೆಯೊಂದಿಗೆ ಎಲೆಯೇ ಆಗಿಬಿಡುತ್ತದೆ.

ಇಲ್ಲಿ ಒಂದು ವಿಷಯವನ್ನು ಗಂಟು ಹಾಕಿಟ್ಟುಕೊಳ್ಳಿ. ನಮ್ಮಲ್ಲಿ ಸಿಗುವ ಹಾವಿನ ವಿಷದ ಔಷಧ ತಯಾರಾಗಿರುವುದು ಆಗಲೇ ಹೇಳಿದ ನಾಲ್ಕು ಹಾವುಗಳ ವಿಷಕ್ಕೆ. ಗುಳಿಮಂಡಲಗಳಿಗೆಂದು ಮಾಡಿದ ಔಷಧ ನಮ್ಮ ಆಸ್ಪತ್ರೆಗಳಲ್ಲಿಲ್ಲ. ಬಾವು, ನೋವು, ರಕ್ತಸ್ರಾವ, ಮೂತ್ರಪಿಂಡದ ತೊಂದರೆ, ಯಾವುದು ಬಂತೋ ಅದಕ್ಕೆ ಆರೈಕೆ ಮಾಡುತ್ತಾ ವೈದ್ಯರು ಕಾಯಬೇಕು. ಹೀಗಿರುವಾಗ ಹೋಂಸ್ಟೇಯ ಹುಡುಗ ಕಡ್ಡಿಯಲ್ಲಿ ಎತ್ತಿ ತೋರಿಸಿದನೆಂದು ಅದರ ಜೊತೆ ಸೆಲ್ಫಿ ತೆಗೆದುಕೊಳ್ಳುತ್ತೀರಲ್ಲ, ನಿಮಗೆ ಏನು ಹೇಳಲಿ? ಮನೆಯಲ್ಲಿ ಕಾಯುವವರಿದ್ದಾರೆ ಎಂಬುದು ನೆನಪಿರಲಿ. ನೋಡಿ, ಕಣ್ತುಂಬ ನೋಡಿ, ನಾಲ್ಕು ಮಾರು ದೂರದಿಂದ ನೋಡಿ. ಅಂಥ ಚೆಲುವು ಎಲ್ಲರ ಕಣ್ಣಿಗೂ ಬೀಳುವುದಿಲ್ಲ. ರಾತ್ರಿ ಶೂ ಹೊರಗೆ ಬಿಟ್ಟಿದ್ದರೆ ಬೆಳಿಗ್ಗೆ ಕೊಡವಿ ಹಾಕಿಕೊಳ್ಳಿ. ಕಾಫಿತೋಟದಲ್ಲಿ ಸ್ಯಾಂಡಲ್ ಬೇಡ. ಕೊಂಬೆ ಹಿಡಿಯುವ ಮುಂಚೆ ಕೊಂಬೆಯನ್ನು ನೋಡಿ.

ಕಡಲಾಚೆ ಹೋಗುವವರಿಗೆ

ಮಂಡಲ ಮತ್ತು ಗುಳಿಮಂಡಲ ಸೇರಿದ ಈ ಕುಟುಂಬದಲ್ಲಿ ಲೋಕದ ತುಂಬ 350ಕ್ಕೂ ಹೆಚ್ಚು ಜಾತಿಗಳಿವೆ. ಅರ್ಧಕ್ಕಿಂತ ಹೆಚ್ಚು ಗುಳಿಯಿರುವವು. ಎಲ್ಲಕ್ಕೂ ಸಮಾನವಾದದ್ದು ಒಂದು: ಉದ್ದನೆಯ, ಟೊಳ್ಳಾದ ವಿಷದ ಹಲ್ಲು. ಮಡಚುವ ಈಳಿಗೆಮಣೆಯ ಕತ್ತಿಯಂತೆ ಅದು ಬಾಯೊಳಗೆ ಮಡಚಿ ಮಲಗಿರುತ್ತದೆ, ಕಚ್ಚುವಾಗ ಎದ್ದು ನಿಲ್ಲುತ್ತದೆ. ಉಳಿದಂತೆ ಒಂದೊಂದು ಊರಿನಲ್ಲಿ ಒಂದೊಂದು ಅವತಾರ. ಆಫ್ರಿಕದ ಗಬೂನ್ ಮಂಡಲದ ಹಲ್ಲು 5 ಸೆಂಟಿಮೀಟರಿನವರೆಗೂ ಇರುತ್ತದೆ, ಹಾವುಗಳಲ್ಲೇ ಅತಿ ಉದ್ದ. ಅದೇ ಆಫ್ರಿಕದ ನೈಋತ್ಯ ಮೂಲೆಯ ಮರಳಿನಲ್ಲಿರುವ ಇನ್ನೊಂದು ಮಂಡಲ ಪೂರ್ತಿ ಬೆಳೆದರೂ ಒಂದು ಗೇಣಿನ ಆಸುಪಾಸು. ಇರಾನಿನ ಒಂದು ಮಂಡಲದ ಬಾಲದ ತುದಿ ಥೇಟ್ ಜೇಡದ ಹಾಗಿದೆ. ಬಾಲ ಆಡಿಸಿದರೆ ಜೇಡವೆಂದು ತಿನ್ನಲು ಬಂದ ಹಕ್ಕಿಯೇ ಊಟವಾಗುತ್ತದೆ. ಅಮೆರಿಕ ಖಂಡದ ಕಾಡಿನ ಬುಷ್‌ಮಾಸ್ಟರ್ 3 ಮೀಟರ್ ಬೆಳೆಯುತ್ತದೆ. ನಮ್ಮ ಹಿಮಾಲಯದ ಗುಳಿಮಂಡಲ 4,900 ಮೀಟರ್ ಎತ್ತರದ ಚಳಿಯಲ್ಲೂ ಬದುಕುತ್ತದೆ. ಬ್ರೆಜಿಲ್ ಸಮುದ್ರದ ಒಂದು ಚಿಕ್ಕ ನಡುಗಡ್ಡೆ ಬಿಟ್ಟರೆ ಲೋಕದಲ್ಲಿ ಬೇರೆಲ್ಲೂ ಸಿಗದ ಹೊಂಬಣ್ಣದ ಗುಳಿಮಂಡಲವೂ ಇದೆ.

ಈಗ ನಿಮ್ಮ ಟಿಕೆಟ್ ಯಾವ ಊರಿಗೆ, ಹೇಳಿ. ಕ್ಯಾಲಿಫೋರ್ನಿಯ, ಟೆಕ್ಸಾಸ್, ಅರಿಜೋನ ಕಡೆಗಾದರೆ ಅಲ್ಲಿರುವುದು ಗಿಲಕಿ ಹಾವು. ಬಾಲದಲ್ಲಿ ಉಗುರಿನಂಥ ಗಟ್ಟಿ ಉಂಗುರಗಳ ಗಿಲಕಿ. ಪ್ರತಿ ಸಲ ಪೊರೆ ಬಿಟ್ಟಾಗ ಒಂದು ಉಂಗುರ ಸೇರುತ್ತದೆ. ಸಂಜೆ ಮಗನ ಮನೆಯ ಹಿಂದಿನ ಗುಡ್ಡದ ದಾರಿಯಲ್ಲಿ ಸೀರೆ, ಚಪ್ಪಲಿಯಲ್ಲಿ ವಾಕಿಂಗ್ ಹೊರಡುತ್ತೀರಲ್ಲ, ಗಲಗಲ ಸದ್ದು ಕೇಳಿದರೆ ಅಲ್ಲೇ ನಿಲ್ಲಿ. ಸದ್ದು ಎಲ್ಲಿಂದ ಎಂದು ನೋಡಿ, ಆಮೇಲೆ ನಿಧಾನವಾಗಿ ದೂರ ಸರಿಯಿರಿ. ಸದ್ದು ಮಾಡದೆ ಕಚ್ಚುವುದೂ ಉಂಟು, ಹಾಗಾಗಿ ದಾರಿ ಬಿಟ್ಟು ಹುಲ್ಲಿಗೆ ಇಳಿಯಬೇಡಿ. ಕ್ಯಾರೊಲಿನ ಕಡೆಗಾದರೆ ತಾಮ್ರತಲೆಯ ಕಾಪರ್‌ಹೆಡ್. ಹಿತ್ತಿಲಿನ ಒಣಎಲೆ ಗುಡಿಸುವಾಗ ಬರಿಗೈ ಹಾಕಬೇಡಿ. ಲಂಡನ್ನಿಗಾದರೆ ಇಡೀ ಬ್ರಿಟನ್ನಿನಲ್ಲಿರುವ ವಿಷದ ಹಾವು ಒಂದೇ, ಆ್ಯಡರ್ ಎಂಬ ಮಂಡಲ. ದುಬೈ, ಮಸ್ಕತ್ ಕಡೆಯ ಮರಳುಗಾಡಿನಲ್ಲಿ ಕೊಂಬಿನ ಮಂಡಲ ಕಣ್ಣಷ್ಟೇ ಹೊರಗಿಟ್ಟು ಮರಳಲ್ಲಿ ಹೂತುಕೊಂಡಿರುತ್ತದೆ. ಮೊಮ್ಮಕ್ಕಳನ್ನು ಬರಿಗಾಲಲ್ಲಿ ಓಡಲು ಬಿಡಬೇಡಿ. ಪೆನಾಂಗ್ ಪ್ರವಾಸದಲ್ಲಿ ಹಾವಿನ ಗುಡಿಗೆ ಕರೆದೊಯ್ಯುತ್ತಾರೆ, ಅಲ್ಲಿ ಕೊಂಬೆಯ ಮೇಲಿರುವುದು ನಿಜವಾದ ಗುಳಿಮಂಡಲಗಳೇ. ಕೈ ಮುಗಿಯಿರಿ, ಮುಟ್ಟಬೇಡಿ. ಆಸ್ಟ್ರೇಲಿಯದಲ್ಲಿ ಮಾತ್ರ ಮಂಡಲವೇ ಇಲ್ಲ. ಹಾಗೆಂದು ಮೈಮರೆಯಬೇಡಿ, ಅಲ್ಲಿ ನಾಗರದ ನೆಂಟರು ಬೇಕಾದಷ್ಟಿದ್ದಾರೆ. ಎಲ್ಲಿಗೆ ಹೋದರೂ ಪ್ರಯಾಣದ ವಿಮೆ ಮಾಡಿಸಿಕೊಂಡೇ ವಿಮಾನ ಹತ್ತಿ.

ಮನೆ ಗೆದ್ದು ಮಾರು ಗೆಲ್ಲಿ

ಈಗ ಮನೆಗೆ ಬರೋಣ. ಹಾವು ನಿಮ್ಮನ್ನು ಹುಡುಕಿಕೊಂಡು ಬರುವುದಿಲ್ಲ. ಹಾವು ಬರುವುದು ಇಲಿಗಾಗಿ, ಇಲಿ ಬರುವುದು ನಿಮ್ಮ ಮುಸುರೆಗಾಗಿ.

ನಮ್ಮ ಬಡಾವಣೆಗಳು ಹುಟ್ಟಿದ ಕಥೆ ಮರೆತಿರಾ? 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಮನೆಗಳಲ್ಲಿ ಇಲಿ ಬಿದ್ದವು. "ಇಲಿ ಬಿತ್ತು" ಎಂಬ ಮಾತು ಕೇಳಿದರೆ ಸಾಕು, ಜನ ಮನೆಗೆ ಬೀಗ ಹಾಕಿ ಊರಾಚೆ ಗುಡಿಸಲು ಕಟ್ಟುತ್ತಿದ್ದರು. ಆ ಪೆಟ್ಟು ತಿಂದ ಮೇಲೆಯೇ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಅಗಲವಾದ ರಸ್ತೆ, ಮನೆಯ ಸುತ್ತ ಜಾಗ, ಎರಡು ಸಾಲು ಮನೆಗಳ ಹಿಂದೆ ಗಲೀಜು ಸಾಗಿಸಲು ಕನ್ಸರ್ವೆನ್ಸಿ ಗಲ್ಲಿ, ಇಷ್ಟನ್ನೂ ಯೋಚಿಸಿ ಇಟ್ಟದ್ದು. ಹಿರಿಯರು ಇಲಿಯ ಭಯಕ್ಕೆ ಬಿಟ್ಟ ಗಲ್ಲಿಯಲ್ಲಿ ಈಗ ನಾವೇ ಹಳೇ ಕಮೋಡು, ಒಡೆದ ಹೆಂಚು, ಮುರಿದ ಮಂಚ ಪೇರಿಸಿ ಇಲಿಗೆ ಬಂಗಲೆ ಕಟ್ಟಿಕೊಟ್ಟಿದ್ದೇವೆ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿದಂತೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ಹಾಗಾಗಿ ನಾನು ಹೇಳಿದಷ್ಟು ಮಾಡಿ. ಉಳಿದ ಅನ್ನವನ್ನು ಪಾರಿವಾಳಕ್ಕೆ, ನಾಯಿಗೆ ಎಂದು ಗಲ್ಲಿಯ ಮೂಲೆಗೆ ಸುರಿಯಬೇಡಿ. ಪುಣ್ಯ ಬೇಕಾದರೆ ತಟ್ಟೆಯಲ್ಲಿ ಹಾಕಿ, ತಿಂದಾದ ಮೇಲೆ ತಟ್ಟೆ ಎತ್ತಿಡಿ. ತೆಂಗಿನಗರಿ, ಸೌದೆ, ಇಟ್ಟಿಗೆಯನ್ನು ಗೋಡೆಗೆ ತಾಗಿಸಿ ವರ್ಷಗಟ್ಟಲೆ ಇಡಬೇಡಿ. ಬಚ್ಚಲಿನ ನೀರು ಹೋಗುವ ತೂಬಿಗೆ ಜಾಲರಿ ಹಾಕಿಸಿ. ಬಾಗಿಲಿಗೂ ನೆಲಕ್ಕೂ ನಡುವೆ ಬೆರಳು ತೂರುವಷ್ಟು ಸಂದಿಯಿದ್ದರೆ ಪಟ್ಟಿ ಹೊಡೆಸಿ. ಹೊರಗಿನ ಚಪ್ಪಲಿ ಸ್ಟ್ಯಾಂಡು, ಹೂಕುಂಡದ ಹಿಂದು, ನೀರಿನ ಮೀಟರಿನ ಗುಂಡಿ, ಈ ಮೂರಕ್ಕೆ ಬೆಳಕು ಬಿಟ್ಟು ನೋಡದೆ ಕೈ ಹಾಕಬೇಡಿ. ಕೈ ಕೆಸರಾದರೆ ಬಾಯಿ ಮೊಸರು. ಒಂದು ಭಾನುವಾರ ಬೀದಿಯವರೆಲ್ಲ ಸೇರಿದರೆ ಗಲ್ಲಿ ಚೊಕ್ಕವಾಗುತ್ತದೆ.

ಇಷ್ಟಾದರೂ ಹಾವು ಬಂದರೆ ಕೂಗಾಡಬೇಡಿ, ಕೋಲು ಹುಡುಕಬೇಡಿ. ಮಕ್ಕಳನ್ನೂ ನಾಯಿಯನ್ನೂ ಒಳಗೆ ಕಳಿಸಿ, ದೂರದಿಂದ ಅದರ ಮೇಲೆ ಕಣ್ಣಿಟ್ಟಿರಿ, ತರಬೇತಾದ ಹಾವು ಹಿಡಿಯುವವರಿಗೆ ಫೋನ್ ಮಾಡಿ. ಅವರ ನಂಬರನ್ನು ಇವತ್ತೇ ವಿಚಾರಿಸಿ ಇಟ್ಟುಕೊಂಡಿರಿ. ಬಾಲ ಹಿಡಿದು ಆಡಿಸಿ ವಿಡಿಯೋ ಮಾಡುವವರನ್ನು ಕರೆಯಬೇಡಿ. ಕೊಕ್ಕೆ, ಕೊಳವೆ, ಚೀಲ ತಂದು ಮೌನವಾಗಿ ಕೆಲಸ ಮುಗಿಸುವವರೇ ನಿಜವಾಗಿ ಬಲ್ಲವರು. ಹಾವನ್ನು ಕೊಲ್ಲುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಕೊಲ್ಲಲು ಹೋಗಿ ಕಚ್ಚಿಸಿಕೊಳ್ಳುವವರೂ ಉಂಟು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಲ್ಲಿ ಆ ಗಾದೆಯನ್ನು ಅಕ್ಷರಶಃ ಪಾಲಿಸಿ. ಪಂಚಮಿಯ ದಿನ ಬುಟ್ಟಿಯಲ್ಲಿ ಹಾವು ತಂದವರಿಗೆ ದುಡ್ಡು ಕೊಟ್ಟು ಹಾಲು ಕುಡಿಸುವುದೂ ಬೇಡ. ಹಾವಿಗೆ ಹಾಲು ಅರಗುವುದಿಲ್ಲ. ಕಲ್ಲಿಗೆ ತನಿ ಎರೆಯಿರಿ, ಭಕ್ತಿಗೆ ಅಷ್ಟು ಸಾಕು.

ಕಚ್ಚಿದರೆ

ಇದನ್ನು ಎರಡು ಸಲ ಓದಿ. ನನ್ನ ತವರಿನ ಕಡೆ, ಮಾಗಡಿ ಹತ್ತಿರದ ಹಳ್ಳಿಯಲ್ಲಿ, ನಾನು ಚಿಕ್ಕವಳಿದ್ದಾಗ ಹುಲ್ಲು ಕೊಯ್ಯುವಾಗ ಆಳೊಬ್ಬನ ಪಾದಕ್ಕೆ ಮಂಡಲ ಕಚ್ಚಿತು. ಮೊಣಕಾಲಿನ ಕೆಳಗೆ ಹಗ್ಗ ಬಿಗಿದರು. ಬ್ಲೇಡಿನಲ್ಲಿ ಕೊಯ್ದರು. ಮಂತ್ರ ಹಾಕುವವರ ಮನೆಗೆ ಹೊತ್ತುಕೊಂಡು ಹೋದರು. ಸಂಜೆ ಅವನು ನಮ್ಮ ಜಗಲಿಯ ಮೇಲೆ ಕೂತು ನೀರು ಕೇಳಿದಾಗ ಒಸಡಿನಿಂದ ರಕ್ತ ಜಿನುಗಿ ಚೊಂಬಿನ ಅಂಚು ಕೆಂಪಾಗಿತ್ತು. ಆ ಚೊಂಬು ಈಗಲೂ ಕಣ್ಣಮುಂದಿದೆ. ಅವನು ಉಳಿಯಲಿಲ್ಲ. ಅವತ್ತು ಆ ಊರಿಗೆ ಬಸ್ಸಿರಲಿಲ್ಲ, ತಿಳಿವಳಿಕೆಯೂ ಇರಲಿಲ್ಲ. ಇವತ್ತು ನಿಮಗೆ ಎರಡೂ ಇವೆ, ನೆಪ ಹೇಳಬೇಡಿ.

ಮಾಡಬಾರದ್ದು ಮೊದಲು: ಹಗ್ಗ, ದಾರ, ಬಟ್ಟೆ ಬಿಗಿದು ಕಟ್ಟಬೇಡಿ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಐಸ್ ಇಡಬೇಡಿ, ಸೊಪ್ಪು ಅರೆದು ಮೆತ್ತಬೇಡಿ. ಹೆಂಡ, ಕಷಾಯ, ನೋವಿನ ಮಾತ್ರೆ ಯಾವುದೂ ಬೇಡ. ಹಾವನ್ನು ಹಿಡಿದು ಆಸ್ಪತ್ರೆಗೆ ತರಲೂಬೇಡಿ. ನಾಲ್ಕು ಮುಖ್ಯ ಹಾವುಗಳಿಗೂ ಕೊಡುವ ಔಷಧ ಒಂದೇ.

ಮಾಡಬೇಕಾದದ್ದು: ಕಚ್ಚಿಸಿಕೊಂಡವರನ್ನು ಕೂರಿಸಿ ಧೈರ್ಯ ಹೇಳಿ. ಬಳೆ, ಉಂಗುರ, ಕಾಲ್ಗೆಜ್ಜೆ, ಕಾಲುಂಗುರ, ವಾಚು ಕೂಡಲೇ ತೆಗೆಯಿರಿ. ಬಾವು ಬಂದ ಮೇಲೆ ಅವೇ ಬೇಡಿಯಾಗುತ್ತವೆ. ಕಾಲುಂಗುರ ತೆಗೆಯಬಾರದು ಎಂದು ಅಜ್ಜಿಯಂದಿರು ತಡೆದರೆ ನನ್ನ ಹೆಸರು ಹೇಳಿ, ಪಾಪ ನನಗಿರಲಿ. ಮೂಳೆ ಮುರಿದಾಗ ಕಟ್ಟುವಂತೆ ಆ ಕೈ ಅಥವಾ ಕಾಲಿಗೆ ಪಟ್ಟಿಯಿಟ್ಟು ಸಡಿಲವಾಗಿ ಕಟ್ಟಿ, ಅಲುಗಿಸಬೇಡಿ, ನಡೆಸಬೇಡಿ. 108ಕ್ಕೆ ಕರೆ ಮಾಡಿ, ತಡವಾಗುವಂತಿದ್ದರೆ ಸಿಕ್ಕ ಕಾರಿನಲ್ಲಿ ಹೊರಡಿ. ನಿಧಾನವೇ ಪ್ರಧಾನ ಎಂಬ ಗಾದೆಯನ್ನು ಇಲ್ಲಿ ಎರಡು ಭಾಗ ಮಾಡಿಕೊಳ್ಳಿ: ಮೈಗೆ ನಿಧಾನ, ಗಾಡಿಗೆ ಅವಸರ. ಸಣ್ಣ ಕ್ಲಿನಿಕ್ಕುಗಳ ಬಾಗಿಲು ತಟ್ಟುತ್ತಾ ಹೊತ್ತು ಕಳೆಯಬೇಡಿ. ನಮ್ಮ ಕಡೆಯವರಿಗೆ ವಿಕ್ಟೋರಿಯಾ ಆಸ್ಪತ್ರೆ ಇದೆ, ಮಲ್ಲೇಶ್ವರದವರಿಗೆ ಕೆ.ಸಿ. ಜನರಲ್ ಇದೆ. ಪ್ರವಾಸ ಹೋಗುವಾಗಲೂ ಹತ್ತಿರದ ತಾಲ್ಲೂಕು ಆಸ್ಪತ್ರೆ ಯಾವುದು, ಔಷಧವಿದೆಯೇ ಎಂದು ಹೋಂಸ್ಟೇಯವರನ್ನು ಕೇಳಿಕೊಂಡೇ ಕೋಣೆ ಗೊತ್ತುಮಾಡಿ.

ಆಸ್ಪತ್ರೆಯಲ್ಲಿ ಏನು ಮಾಡುತ್ತಾರೆ ಎಂದು ತಿಳಿದಿದ್ದರೆ ಗಾಬರಿ ಕಡಿಮೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಬೆಳಿಗ್ಗೆ ಪಾತ್ರೆ ಓರೆ ಮಾಡಿ ನೋಡುತ್ತೀರಲ್ಲ? ಅಲ್ಲೂ ಅದೇ ಪರೀಕ್ಷೆ. ಸ್ವಲ್ಪ ರಕ್ತವನ್ನು ಒಣಗಿದ, ಚೊಕ್ಕ ಗಾಜಿನ ಕೊಳವೆಯಲ್ಲಿ ಹಾಕಿ 20 ನಿಮಿಷ ಮುಟ್ಟದೆ ಇಡುತ್ತಾರೆ. ಆಮೇಲೆ ಓರೆ ಮಾಡುತ್ತಾರೆ. ಹೆಪ್ಪುಗಟ್ಟಿ ನಿಂತರೆ ಸದ್ಯಕ್ಕೆ ಸಮಾಧಾನ. ನೀರಾಗಿ ಹರಿದರೆ ಮಂಡಲದ ವಿಷ ಕೆಲಸ ಶುರುಮಾಡಿದೆ ಎಂದರ್ಥ. ಆಗ ಔಷಧವನ್ನು ರಕ್ತನಾಳದ ಮೂಲಕ ಕೊಡುತ್ತಾರೆ. ಕೆಲವರಿಗೆ ಆ ಔಷಧವೇ ಮೈಗೆ ಒಗ್ಗದೆ ಅಲರ್ಜಿಯಾಗುತ್ತದೆ, ಅದಕ್ಕೇ ಅದನ್ನು ಮನೆಯಲ್ಲಿ ಕೊಡುವಂತಿಲ್ಲ. ಮೊದಲ ಪರೀಕ್ಷೆ ಸರಿಯಿದೆ, ನೋವಿಲ್ಲ ಎಂದು ಎದ್ದು ಮನೆಗೆ ಬರಬೇಡಿ. ವೈದ್ಯರು ಎಷ್ಟು ಹೊತ್ತು ಇರಿ ಅನ್ನುತ್ತಾರೋ ಅಷ್ಟು ಹೊತ್ತು ಇರಿ. ನಮ್ಮ ರಾಜ್ಯದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತದ ಪ್ರತಿಯೊಂದು ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕು. ನೀವು ಆಸ್ಪತ್ರೆಗೆ ಹೋದರೆ ತಾನೇ ಲೆಕ್ಕ ಸಿಗುವುದು, ಲೆಕ್ಕ ಸಿಕ್ಕರೆ ತಾನೇ ಔಷಧ ಹಳ್ಳಿ ಮುಟ್ಟುವುದು?

ಅದರ ಋಣವೂ ನಮ್ಮ ಮೇಲಿದೆ

ಕೊನೆಗೆ ಒಂದು ಮಾತು. ಇಷ್ಟೆಲ್ಲ ಕೇಳಿ ಮಂಡಲದ ಮೇಲೆ ದ್ವೇಷ ಬೆಳೆಸಿಕೊಳ್ಳಬೇಡಿ. ಆ ಔಷಧ ತಯಾರಾಗುವುದೂ ಅದರ ವಿಷದಿಂದಲೇ. ಸ್ವಲ್ಪ ಸ್ವಲ್ಪವೇ ವಿಷವನ್ನು ಕುದುರೆಗೆ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿವಿಷವನ್ನು ಶೋಧಿಸಿ ತೆಗೆಯುತ್ತಾರೆ. ಆ ವಿಷದ ದೊಡ್ಡ ಪಾಲನ್ನು ತೆಗೆದುಕೊಡುವವರು ತಮಿಳುನಾಡಿನ ಇರುಳರು. ತಲೆತಲಾಂತರದಿಂದ ಹಾವು ಬಲ್ಲ ಆ ಜನ 1978ರಲ್ಲಿ ಮಹಾಬಲಿಪುರದ ಹತ್ತಿರ ಸಹಕಾರ ಸಂಘ ಕಟ್ಟಿಕೊಂಡರು. ಹಾವು ಹಿಡಿದು, ವಿಷ ತೆಗೆದು, ಮತ್ತೆ ಬಿಟ್ಟುಬರುತ್ತಾರೆ. ಮಲ್ಲೇಶ್ವರದ ಪಕ್ಕದಲ್ಲೇ ಇರುವ ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಕಾರ್ತಿಕ್ ಸುನಗರ್ ಅವರ ಪ್ರಯೋಗಾಲಯ ಹಾವಿನ ವಿಷವನ್ನೇ ಅಭ್ಯಾಸ ಮಾಡುತ್ತಿದೆ. ಒಂದೇ ಕೊಳಕುಮಂಡಲವಾದರೂ ಊರಿನಿಂದ ಊರಿಗೆ ಅದರ ವಿಷದ ಗುಣ ಬೇರೆಯಾಗುತ್ತದೆ ಎಂದು ಅವರು ತೋರಿಸಿಕೊಟ್ಟಿದ್ದಾರೆ. ಇನ್ನೂ ಒಳ್ಳೆಯ ಔಷಧ ಬರಲು ಆ ತಿಳಿವಳಿಕೆ ಬೇಕು.

ಇನ್ನು ನಿಮ್ಮ ಮಾತ್ರೆಯ ಡಬ್ಬಿ ತೆಗೆಯಿರಿ. ಬಿ.ಪಿ. ಮಾತ್ರೆಗಳಲ್ಲಿ ಹೆಸರಿನ ಕೊನೆಗೆ 'ಪ್ರಿಲ್' ಎಂದು ಬರುವ ಒಂದು ಬಳಗವಿದೆ. ಆ ಬಳಗದ ಹಿರಿಯಕ್ಕ ಕ್ಯಾಪ್ಟೋಪ್ರಿಲ್, 1981ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು. ಬ್ರೆಜಿಲಿನ ಒಂದು ಗುಳಿಮಂಡಲದ ವಿಷ ರಕ್ತದೊತ್ತಡವನ್ನು ಹೇಗೆ ಇಳಿಸುತ್ತದೆ ಎಂದು ಹುಡುಕುತ್ತಾ ಹೋದವರಿಗೆ ಸಿಕ್ಕ ದಾರಿ ಅದು. ರಕ್ತ ಹೆಪ್ಪುಗಟ್ಟುವುದರಲ್ಲಿನ ಒಂದು ದೋಷವನ್ನು ಕಂಡುಹಿಡಿಯಲು ಕೊಳಕುಮಂಡಲದ ವಿಷವನ್ನೇ ಹನಿಯಷ್ಟು ಬಳಸುವ ಪರೀಕ್ಷೆಯೂ ಇದೆ. ಮತ್ತೆ ಮತ್ತೆ ಬಸಿರು ಇಳಿದುಹೋಗುವ ಹೆಣ್ಣುಮಕ್ಕಳಿಗೆ ಅದನ್ನು ಮಾಡಿಸುತ್ತಾರೆ. ಹೊಲದಲ್ಲಿ ಇಲಿ ತಿಂದು ರಾಗಿ ಉಳಿಸಿದ ಋಣ ಹೇಗೂ ಇದ್ದೇ ಇದೆ. ಇಲಿ ಬಿದ್ದು ಊರು ಬಿಟ್ಟವರ ಮೊಮ್ಮಕ್ಕಳಾದ ನಮಗೆ ಆ ಋಣದ ಬೆಲೆ ಬೇರೆಯವರು ಹೇಳಿಕೊಡಬೇಕೇ?

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಬೇಡಿ. ಇವತ್ತೇ ಒಂದು ಟಾರ್ಚಿಗೆ ದಾರ ಕಟ್ಟಿ, ಮುಂಬಾಗಿಲ ಪಕ್ಕದ ಮೊಳೆಗೆ, ಹೂಬುಟ್ಟಿಯ ಜೊತೆಗೇ ತೂಗುಹಾಕಿ. ನಾಳೆ ಬೆಳಿಗ್ಗೆ ಬುಟ್ಟಿ ತೆಗೆಯುವಾಗ ಅದೂ ಕೈಗೆ ಬರುತ್ತದೆ. ಬೆಳಕು ಬಿಟ್ಟು ನೋಡಿ, ಆಮೇಲೆ ಕೈ ಹಾಕಿ. ಪಾರಿಜಾತ ಎಲ್ಲಿಗೂ ಓಡಿಹೋಗುವುದಿಲ್ಲ.